ಹೋದ ಸಿಗ್ನಲ್ ವಾಪಸು ಬರಬಾರದಂತೆ

ನಮ್ಮದು ಮೂರು ತಲೆಮಾರಿನಿಂದ ಸುಲ್ತಾನ್ ಬಜಾರಿನಲ್ಲಿ ಹೆಸರಿರುವ ಮನೆತನ. ಅಜ್ಜ ವಕೀಲರು, ತಂದೆ ವಕೀಲರು. ನಮ್ಮವರು ಕೋರ್ಟಿನ ಮೆಟ್ಟಿಲು ಹತ್ತಿದ್ದೆಲ್ಲ ಬೇರೆಯವರ ತಪ್ಪಿಗಾಗಿ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಇಷ್ಟಿದ್ದೂ ನನ್ನ ಪಾಲಿಗೆ ಇಂಥ ಪ್ರಸಂಗಗಳೇ ಬಂದು ಬೀಳುತ್ತವೆ.

ಊರೆಲ್ಲ ಮೊಬೈಲ್ ಟವರುಗಳು ಏಳುತ್ತಿದ್ದ ಕಾಲ. ಮಣಿಕೊಂಡದ ಹತ್ತಿರ ಆಂಟೆನಾ ತಯಾರಿಸುವ ಕಂಪನಿಯೊಂದರಲ್ಲಿ ನಾನು ಆಡಳಿತಾಧಿಕಾರಿ. ಪರೀಕ್ಷಾ ಕೋಣೆಗೆ ಮಾತ್ರ ನಾನು ಕಾಲಿಡಬಾರದೆಂದು ಮ್ಯಾನೇಜರರ ಹಟ. ನಾನು ಹೋದರೆ ಅಳತೆ ಕೆಡುತ್ತದಂತೆ. ಬಾಗಿಲು ಮುಚ್ಚಿಕೊಂಡು ಮಾಡುವ ಕೆಲಸವನ್ನು ನಾನು ನಂಬುವುದಿಲ್ಲ. ಹೋಗುತ್ತಲೇ ಇದ್ದೆ.

ಏನೂ ಇಲ್ಲದ್ದರ ಅಳತೆ

ಒಂದು ಬೆಳಿಗ್ಗೆ ಹೋದಾಗ ಮೈಸೂರಿನ ಇಂಜಿನಿಯರ್ ಒಬ್ಬ ಅಳತೆಯ ಯಂತ್ರದ ಮುಂದೆ ಕೂತಿದ್ದ. ಯಂತ್ರದಿಂದ ಒಂದು ಕೇಬಲ್ ಹೊರಟಿತ್ತು. ಅದರ ತುದಿಯಲ್ಲಿ ಏನೂ ಇರಲಿಲ್ಲ.

"ಏನು ಅಳೆಯುತ್ತಿದ್ದೀರಿ?"

"ಏನೂ ಇಲ್ಲ ಮೇಡಂ."

"ಅದು ಕಾಣುತ್ತಿದೆ. ಏನು ಅಳೆಯುತ್ತಿದ್ದೀರಿ ಎಂದು ಕೇಳಿದೆ."

"ಅದನ್ನೇ ಮೇಡಂ. ತುದೀಲಿ ಏನೂ ಇಲ್ಲ ಅಂದ್ರೆ, ಕಳಿಸಿದ ಸಿಗ್ನಲ್ ಪೂರ್ತಿ ವಾಪಸ್ ಬರ್ಬೇಕು. ಮೊದ್ಲು ಯಂತ್ರಕ್ಕೆ ಅದನ್ನ ಕಲಿಸ್ಬೇಕು. ಆಮೇಲೆ ಆಂಟೆನಾ ಹಾಕಿದ್ರೆ ಎಷ್ಟು ವಾಪಸ್ ಬಂತು ಅಂತ ಸರಿಯಾಗಿ ಹೇಳತ್ತೆ. ಒಳ್ಳೇ ಆಂಟೆನಾದಿಂದ ಏನೂ ವಾಪಸ್ ಬರ್ಬಾರ್ದು."

ಬೆಳಿಗ್ಗೆಯಿಂದ ಇದೇ ಕೆಲಸವೇ? ಹೌದಂತೆ. ದಿನಾಲೂ? ದಿನಾಲೂ.

"ಒಳ್ಳೆಯದು," ಎಂದೆ. "ಮಧ್ಯಾಹ್ನ ನಿಮಗೆ ಮೊದಲು ಖಾಲಿ ತಟ್ಟೆ ಕಳಿಸುತ್ತೇನೆ. ಹೊಟ್ಟೆ ಅದನ್ನು ಕಲಿತ ಮೇಲೆ ಅನ್ನ."

ಕತ್ತು ಬಗ್ಗಿಸುವ ಸ್ಪ್ಯಾನರ್

ಅದೇ ಕೋಣೆಯಲ್ಲಿ ಕಲಬುರಗಿಯ ಹುಡುಗಿಯೊಬ್ಬಳು ಸಣ್ಣ ಸ್ಪ್ಯಾನರಿನಿಂದ ಕೇಬಲನ್ನು ಬಿಗಿ ಮಾಡುತ್ತಿದ್ದಳು. ಟಕ್ ಎಂದಿತು. ಸ್ಪ್ಯಾನರಿನ ಕತ್ತು ಮಡಚಿಕೊಂಡಿತು.

"ಮುರಿದಿರಿ!"

"ಇಲ್ರೀ ಮೇಡಂ, ಅದು ಇರೋದs ಹಂಗ. ಬಿಗಿ ಸಾಕಾತಂದ್ರ ತಾನs ಬಗ್ಗತೈತ್ರಿ. ಹೆಚ್ಚು ತಿರುವಿದ್ರ ಕೇಬಲ್ ಕೆಡತೈತಿ, ಕಡಿಮಿ ಆದ್ರ ಅಳತಿ ಸುಳ್ಳು ಹೇಳತೈತಿ."

ತಪ್ಪು ಮುಚ್ಚಿಕೊಳ್ಳುವವರು ಬಹಳ ವಿವರವಾಗಿ ಮಾತಾಡುತ್ತಾರೆ. ನಾನು ನೇರ ಅದನ್ನು ವಿದೇಶದಿಂದ ತರಿಸಿಕೊಟ್ಟ ಅಂಗಡಿಯವನಿಗೇ ಫೋನ್ ಮಾಡಿ, ಕತ್ತು ಸಡಿಲವಿರುವ ಮಾಲನ್ನು ನಮಗೇಕೆ ದಾಟಿಸಿದಿರಿ ಎಂದು ಕೇಳಿದೆ. "ಅಮ್ಮಾ, ಟೂಟ್‌ನಾಚ್ ಉಸ್ಕಾ ಕಾಮ್ ಹೈ," ಎಂದ. ಮುರಿಯುವುದೇ ಅದರ ಕೆಲಸವಂತೆ!

ಸ್ವಲ್ಪ ಕೆಲಸ ಮಾಡಿ ಕತ್ತು ಬಗ್ಗಿಸಿ ನಿಲ್ಲುವವರು ನಮ್ಮ ಆಫೀಸಿನಲ್ಲಿ ಬೇಕಾದಷ್ಟಿದ್ದರು. ಅಂಥದೊಂದನ್ನು ವಿದೇಶದಿಂದ ತರಿಸಿದ್ದು ಅದೇ ಮೊದಲು.

ಅಲ್ಲೇ ನಿಲ್ಲಿ

ಮ್ಯಾನೇಜರರು ಪರೀಕ್ಷಾ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದರು. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಟವರ್ ಕಂಪನಿಯವರು ಆಂಟೆನಾ ಒಪ್ಪಿಕೊಳ್ಳಲು ಬಂದ ದಿನ, ಇಷ್ಟು ಹೊತ್ತು ಒಳಗೆ ಏನು ತೋರಿಸುತ್ತಿದ್ದಾರೆ ಎಂದು ಚಹಾದ ಟ್ರೇ ಹಿಡಿದು ನಾನೇ ಬಾಗಿಲು ತಟ್ಟಿದೆ. ಚಹಾಕ್ಕೆ ಯಾರೂ ಚಿಲಕ ಹಾಕುವುದಿಲ್ಲ. ಒಳಗೆ ಎಲ್ಲರ ಮುಖವೂ ಬಾಡಿತ್ತು. ಪರದೆಯ ಮೇಲಿನ ಗೆರೆ ಕೆಂಪು ಗುರುತಿಗಿಂತ ಕೆಳಗಿಳಿಯಬೇಕು, ಇಳಿಯುತ್ತಿರಲಿಲ್ಲ. ಸಿಗ್ನಲ್ ವಾಪಸು ಬರುತ್ತಿದೆ ಎಂದರ್ಥ. ನಾನು ಆಂಟೆನಾದ ಮುಂದೆ ಹೋಗಿ ನಿಂತೆ. ಗೆರೆ ಸರ್ರನೆ ಇಳಿಯಿತು.

"ಮೇಡಂ, ಅಲ್ಲೇ ನಿಲ್ಲಿ," ಎಂದರು ಮ್ಯಾನೇಜರರು. ತಿಂಗಳುಗಟ್ಟಲೆ ನನ್ನನ್ನು ಹೊರಗಿಟ್ಟ ಮನುಷ್ಯ!

"ಚಹಾ ಆರುತ್ತದೆ."

"ಆರಲಿ. ನೀವು ಅಲುಗಾಡಬೇಡಿ."

ನಿಂತೆ. ಅತಿಥಿಗಳು ನಾನು ಟ್ರೇ ಹಿಡಿದು ನಿಂತದ್ದನ್ನು ನಮ್ಮ ಮರ್ಯಾದೆ ಎಂದುಕೊಂಡು, ಆಂಟೆನಾ ಒಪ್ಪಿಕೊಂಡು ಹೋದರು. ಗೆರೆ ಇಳಿದದ್ದು ಹೇಗೆ ಎಂದು ಆಮೇಲೆ ಕಲಬುರಗಿಯ ಹುಡುಗಿಯನ್ನು ಕೇಳಿದೆ.

"ಸಿಗ್ನಲ್ ವಾಪಸ್ ಬರ್ಲಿಲ್ರೀ, ಆದ್ರ ಹೊರಗೂ ಹೋಗ್ಲಿಲ್ಲ. ನಡುವ ನೀವs ನುಂಗಿದ್ರಿ."

ಟವರಿನ ಮೇಲೆ ನಾನಿರಲಿಲ್ಲ. ಆಂಟೆನಾ ಕೈಕೊಟ್ಟಿತು. ಟವರಿನವರು ಸಿಟ್ಟಿನಿಂದ ಬಂದರು. ಇಡೀ ಆಫೀಸಿನ ಎದುರು ಮ್ಯಾನೇಜರರು ಹೇಳಿದರು: "ಯಂತ್ರದ ತಪ್ಪಿಲ್ಲ ಸರ್. ಅವತ್ತು ಕೋಣೆಯಲ್ಲಿ ಒಂದು ಅಡ್ಡವಸ್ತು ಇತ್ತು. ಇನ್ನು ಮೇಲೆ ಒಳಗೆ ಬಿಡುವುದಿಲ್ಲ."

"ಎಷ್ಟು ದೊಡ್ಡದು?" ಎಂದರು ಅತಿಥಿಗಳಲ್ಲೊಬ್ಬರು.

ಮ್ಯಾನೇಜರರು ಒಮ್ಮೆ ನನ್ನ ಕಡೆ ನೋಡಿ, ಎರಡೂ ಕೈಗಳನ್ನು ಅಗಲಿಸಿ ತೋರಿಸಿದರು.

ಆ ಎರಡೂ ಕೈಗಳನ್ನು ಜೋಡಿಸಿ, ಅದೇ ಅತಿಥಿಗಳ ಎದುರು ಅವರು ನನ್ನ ಕ್ಷಮೆ ಕೇಳಬೇಕು.