ಕೋವಿಯ ಅಳತೆಯಲ್ಲಿ ಕಾಫಿ

ಕಣ್ಣಳತೆಯಲ್ಲೇ ಕಾಫಿಪುಡಿ ಹಾಕುವ ಹೆಂಗಸರನ್ನು ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಸೂತಿ ಕಲಿಸಿದರು, ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದರು. ಫಿಲ್ಟರಿಗೆ ಎಷ್ಟು ಪುಡಿ ಹಾಕಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಎಪ್ಪತ್ತರ ದಶಕದ ನಡುವೆ ಮದುವೆಯಾಗಿ ರಾಜಾಜಿನಗರದ ಮನೆಗೆ ಬಂದೆ. ಅತ್ತೆಯವರು ದಿನವೂ ಒಂದು ಗುಟುಕು ಕುಡಿದು, ಲೋಟವನ್ನು ಓರೆಮಾಡಿ ನೋಡಿ, "ಏನಮ್ಮಾ, ಇದು ಕಾಫೀನೋ, ಲೋಟ ತೊಳೆದ ನೀರೋ?" ಎನ್ನುತ್ತಿದ್ದರು.

ಅಂಥ ದಿನಗಳಲ್ಲೇ ಕಾಫಿಪುಡಿ ಡಬ್ಬದ ಹಿಂದೆ ಅದು ಸಿಕ್ಕಿತು. ಹೆಬ್ಬೆರಳಿನಷ್ಟು ಉದ್ದ, ಕೆನೆಯ ಬಣ್ಣ, ತುದಿ ತುಸು ಬಾಗಿದೆ, ಮೈಯೆಲ್ಲ ಹೊಳಪು. ಒಳಗೆ ಕೊರೆದ ಕುಳಿಯ ತಳದಲ್ಲಿ ಒಂದು ಚಿಟಿಕೆ ಕಾಫಿಪುಡಿ. ಅತ್ತೆಯವರ ತವರಿನ ದಂತದ ಅಳತೆ ಇರಬೇಕು ಎಂದುಕೊಂಡೆ. ಆರು ಸಲ ಅಳೆದು ಹಾಕಿದರೆ ಕಾಫಿ ತೆಳು, ಏಳು ಹಾಕಿದರೆ ಕಹಿ. ಬೇಕಾದದ್ದು ಆರಕ್ಕೂ ಏಳಕ್ಕೂ ನಡುವೆ. ನನ್ನ ಶಾಲೆಯ ಜಾಮಿಟ್ರಿ ಪೆಟ್ಟಿಗೆಯ ಕೈವಾರ ತೆಗೆದು, ಕುಳಿಯೊಳಗಿನ ಮೆತ್ತನೆಯ ತಿರುಳನ್ನು ಮೂರು ಮಧ್ಯಾಹ್ನ ಕೆರೆದು, ಐದು ಅಳತೆಗೇ ಹದ ಬರುವಂತೆ ಮಾಡಿದೆ. ನಾಲ್ಕನೆಯ ಬೆಳಿಗ್ಗೆ ಅತ್ತೆಯವರು ಲೋಟ ಖಾಲಿ ಮಾಡಿ, "ಇನ್ನೊಂದರ್ಧ ಲೋಟ ಇದ್ಯೇನಮ್ಮಾ?" ಎಂದರು. ನನಗೆ ಅಳುವೇ ಬಂತು.

ಆ ಭಾನುವಾರ ಮಾವನವರ ಗೆಳೆಯ ಪೂವಯ್ಯನವರು ಬಂದರು. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಪೂವಯ್ಯನವರು ಆಮೇಲೆ ಕೊಡಗಿನ ತಮ್ಮೂರಿಗೆ ಹೋಗಿ ನೆಲೆಸಿದ್ದರು. ನನ್ನ ಕಾಫಿ ಕುಡಿದು, "ಭೇಷ್, ಮಗಳೇ!" ಎಂದರು. ನಾನು ಲೋಟ ಎತ್ತಿಕೊಳ್ಳುವಾಗ ಮಾವನವರು ಕರ್ಚೀಫಿನಿಂದ ಏನನ್ನೋ ಬಿಚ್ಚಿ, ಒಳಗಿದ್ದ ಅತ್ತೆಯವರಿಗೆ ಕೇಳಿಸದಂತೆ ಪಿಸುಗುಟ್ಟಿದರು:

"ತಗೋಳಯ್ಯ, ನೀ ಕೊಟ್ಟ ಕಡವೆ ಕೊಂಬು. ಸೀಳುಬಿಟ್ಟಿತ್ತಲ್ಲ, ಮದ್ದು ಅಳೆಯೋ ನಿನ್ನ ಹಳೇ ಅಳತೆ, ಅದಕ್ಕೇ ಸರಿಯಾಗಿ ಕೊರೆದಿದೀನಿ. ಮನೇಲಿ ಕೋವಿಮದ್ದು ಎಲ್ಲಿಂದ ತರ್ಲಿ? ಡಬ್ಬದ ಹಿಂದೆ ಬಚ್ಚಿಟ್ಟು, ಕಾಫಿಪುಡಿ ತುಂಬಿ ತುಂಬಿ ನೋಡ್ದೆ."

"ಬದುಕಿಸ್ದೆ ಕಣಯ್ಯ! ಊರ ಹಬ್ಬದ ಪಂದ್ಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೀಬೇಕು. ನನ್ನದು ಬಾಯಿಂದ ಮದ್ದು ಸುರಿಯೋ ಹಳೇ ಕೋವಿ. ಒಂದಿಷ್ಟು ಜಾಸ್ತಿ ಬಿತ್ತೋ, ಭುಜ ಹೋಯ್ತು."

ಕರ್ಚೀಫಿನ ಮೇಲಿದ್ದದ್ದು ನನ್ನ ದಂತದ ಅಳತೆ. ಮೊದಲ ಆಘಾತ, ಈರುಳ್ಳಿಯನ್ನೂ ಸೇರಿಸದ ಅಡುಗೆಮನೆಯಲ್ಲಿ ಪ್ರಾಣಿಯ ಕೊಂಬು. ಎರಡನೆಯದು, ಕೋವಿ. ಮೂರನೆಯದು ನಿಧಾನವಾಗಿ ಹೊಳೆಯಿತು, ನನ್ನ ಕೈವಾರ. ಸುಮ್ಮನಿದ್ದರೆ ಅತ್ತೆಯವರಿಗೆ ಎಂದೂ ಗೊತ್ತಾಗದು, ನನ್ನ ಹೊಸ ಕೀರ್ತಿಯೂ ಉಳಿದೀತು. ಆದರೆ ಪೂವಯ್ಯನವರು ಆಗಲೇ ಬಸ್ಸಿಗೆ ಹೊತ್ತಾಯಿತೆಂದು ಕೋಟು ಏರಿಸುತ್ತಿದ್ದರು, ಅದೇ ಭುಜದ ಮೇಲೆ.

"ಕೊಡಬೇಡಿ ಮಾವಾ! ನಾನದನ್ನ ಕೆರೆದುಬಿಟ್ಟಿದೀನಿ!"

"ಏನನ್ನ ಕೆರೆದೆ?" ಎಂದು ಅತ್ತೆಯವರು ಬಾಗಿಲಿಗೆ ಬಂದರು. ಎಲ್ಲವನ್ನೂ ಹೇಳಿದೆ. ಅವರು ಕೊಂಬನ್ನು ನೋಡಿದರು, ಮಾವನವರನ್ನು ನೋಡಿದರು, ಕೈಯಲ್ಲಿದ್ದ ತಮ್ಮ ಎರಡನೆಯ ಲೋಟವನ್ನು ನೋಡಿದರು. "ರಾಮ ರಾಮಾ!" ಎಂದವರೇ ನೇರವಾಗಿ ಬಚ್ಚಲಿಗೆ ನಡೆದರು.

"ಅದಕ್ಕೇ ಎದೆಗೆ ಒದ್ದ ಹಾಗಾಯ್ತು, ಈ ಕಾಫಿ!" ಎಂದು ಪೂವಯ್ಯನವರು ಬಿದ್ದು ಬಿದ್ದು ನಕ್ಕರು. ಮಾವನವರು ನಗಲಿಲ್ಲ. ಹಳೆಯ ಅಳತೆ ತಂದು, ಅಂಗಳದ ಮರಳು ಸುರಿದು ಹೋಲಿಸಿ, "ಕಾಲುಭಾಗ ಜಾಸ್ತಿ!" ಎಂದು ಬೆವರು ಒರೆಸಿಕೊಂಡರು. ಗರಗಸದಿಂದ ಬಾಯಂಚನ್ನು ಉಂಗುರದಷ್ಟು ಕೊಯ್ದು, ಅಳತೆ ಸರಿಮಾಡಿ, ಗೆಳೆಯನನ್ನು ಮುಂದಿನ ಬಸ್ಸಿಗೆ ಕಳಿಸಿದರು. ಕೊಯ್ದ ಉಂಗುರವನ್ನು ಯಾಕೋ ಜೇಬಿಗೆ ಹಾಕಿಕೊಂಡರು.

ಅತ್ತೆಯವರು ಗೂಡು, ಡಬ್ಬ, ಫಿಲ್ಟರು ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಸಿದರು. ನಾಲ್ಕು ದಿನ ಮನೆಯಲ್ಲಿ ಮತ್ತೆ ಲೋಟ ತೊಳೆದ ನೀರು. ಐದನೆಯ ಬೆಳಿಗ್ಗೆ ಅವರು ಲೋಟ ಓರೆಮಾಡಿ, ನನ್ನತ್ತ ನೋಡದೆ, ವರಾಂಡದಲ್ಲಿದ್ದ ಮಾವನವರಿಗೆ ಕೇಳುವಂತೆ ಹೇಳಿದರು:

"ರೀ, ಇವಳಿಗೊಂದು ಕರಟದಲ್ಲಿ ಅಳತೆ ಮಾಡ್ಕೊಡಿ."

"ಎಷ್ಟಕ್ಕೆ? ಕೋವಿ ಹಿಡಿಯೋವಷ್ಟಕ್ಕಾ?"

"ಅಲ್ಲ. ಅವಳು ಕೆರೆದಷ್ಟಕ್ಕೆ."

ಮಾವನವರು ಜೇಬಿನ ಉಂಗುರ ತೆಗೆದು, ಸೀಳಿದ ಹಳೆಯ ಅಳತೆಯ ಮೇಲಿಟ್ಟು, ಅಷ್ಟೇ ಹಿಡಿಯುವಂತೆ ಒಂದು ಕರಟ ಕೆರೆದುಕೊಟ್ಟರು. ಆ ಕರಟ ಇನ್ನೂ ನನ್ನ ಕಾಫಿಪುಡಿ ಡಬ್ಬದಲ್ಲಿದೆ. ಮನೆಗೆ ಬಂದವರು ಒಂದು ಗುಟುಕಿಗೇ ಬೆಚ್ಚಿ ಬೆನ್ನು ನೆಟ್ಟಗೆ ಮಾಡಿಕೊಂಡಾಗ ನನಗೆ ಸಿಸ್ಟರುಗಳ ನೆನಪಾಗುತ್ತದೆ. ಅವರಿಗೆ ಹನ್ನೊಂದು ವರ್ಷ ಹಿಡಿದ ಪಾಠ, ನನಗೆ ಒಂದು ಲೋಟ ಸಾಕು.