ಇನ್ಸ್‌ಪೆಕ್ಟರರ ಬೆರಳು

ಅವರು ಪೊಲೀಸರೇನಲ್ಲ, ಪಾಪ, ವಿಮಾ ಕಚೇರಿಯ ಗುಮಾಸ್ತರು. ಆದರೂ ಹೆಂಡತಿ ಅವರನ್ನು ಇನ್ಸ್‌ಪೆಕ್ಟರ್ ಎಂದೇ ಕರೆಯುವುದು. ಸಂಜೆ ಮನೆಗೆ ಬಂದವರೇ ಟೀವಿಯ ಮೇಲೆ ತೋರುಬೆರಳು ಎಳೆದು, ಅಂಟಿದ ಧೂಳನ್ನು ದೀಪಕ್ಕೆ ಹಿಡಿದು, ನಿಟ್ಟುಸಿರು ಬಿಡುತ್ತಿದ್ದರು. ತಿಂಗಳಿಗೊಂದು ದಿನ ಮಾತ್ರ ಆ ಬೆರಳು ಬರಿಗೈಯಲ್ಲಿ ಹಿಂದಿರುಗುತ್ತಿತ್ತು (ಬೆರಳಿಗೆಲ್ಲಿಯ ಕೈ ಎನ್ನಬೇಡಿ). ಅಂದು ಹೆಂಡತಿಯ ಮಹಾಶುದ್ಧಿ. ಫ್ಯಾನಿನ ರೆಕ್ಕೆಗಳು ಮಿಂಚುತ್ತಿದ್ದವು. ಅಡುಗೆಮನೆಯ ನಲ್ಲಿಯ ಮೇಲೆ ಒರೆಸುವ ಬಟ್ಟೆ ತ್ರಿಕೋನವಾಗಿ ಮಡಿಸಿಕೊಂಡು ಕೂತಿರುತ್ತಿತ್ತು. ಆ ತ್ರಿಕೋನವನ್ನು ಅವರು ಕಚೇರಿಯಲ್ಲೆಲ್ಲ ಹೊಗಳಿಕೊಂಡು ಬಂದಿದ್ದರು.

ಹೊಗಳಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ತಿಂಗಳಿಗೊಮ್ಮೆ ಮಾಡೋದನ್ನ ವಾರಕ್ಕೊಮ್ಮೆ ಮಾಡಿದ್ರೆ ಕೈ ಸವೆಯುತ್ತಾ?" ಎಂದುಬಿಟ್ಟರು.

ಹೆಂಡತಿ ಕೂಗಾಡಲಿಲ್ಲ. "ಶನಿವಾರ ನಾನು ಅಮ್ಮನ ಮನೆಗೆ ಹೋಗ್ತೀನಿ. ಒಂದು ಸಲ ನೀವೇ ಮಾಡಿ ತೋರಿಸಿ. ಆಗದಿದ್ರೆ ಆ ಬೆರಳು ಮತ್ತೆ ನನ್ನ ಮುಂದೆ ಏಳಬಾರದು," ಎಂದಳು.

ಬೆರಳಿನ ಮಾನದ ಪ್ರಶ್ನೆ. ಶನಿವಾರ ಅವಳು ಗೇಟು ದಾಟಿದ್ದೇ ತಡ, ಇವರು ಮಂಚ ಹತ್ತಿ ಫ್ಯಾನು ಒರೆಸಲು ಹೋಗಿ, ಹಾಸಿಗೆಗೆಲ್ಲ ಧೂಳಿನ ಅಭಿಷೇಕ ಮಾಡಿ, ಸೊಂಟ ಹಿಡಿದುಕೊಂಡು ಕೂತರು. ಕೊನೆಗೆ ಬಡಾವಣೆಯ ತಿರುವಿನಲ್ಲಿದ್ದ ಮನೆ ಶುಚಿ ಮಾಡುವವರ ಬೋರ್ಡು ನೆನಪಾಗಿ ಫೋನ್ ಮಾಡಿದರು.

ಒಬ್ಬ ಹೆಂಗಸು, ಇಬ್ಬರು ಗಂಡಸರು ಬಂದರು. ಅದೇನು ಕೆಲಸ ಅಂತೀರಿ! ಹಳೇ ದಿಂಬಿನ ಕವರನ್ನು ಫ್ಯಾನಿನ ರೆಕ್ಕೆಗೆ ತೊಡಿಸಿ ಎಳೆದರೆ ಧೂಳೆಲ್ಲ ಕವರಿನೊಳಗೇ. ಮೇಲಿಂದ ಕೆಳಕ್ಕೆ, ಒಳಗಿಂದ ಬಾಗಿಲಿಗೆ, ಒಂದು ಹೆಜ್ಜೆ ದಂಡವಿಲ್ಲ. ಮನೆಯೊಡೆಯರಿಗೇ ಗೊತ್ತಿಲ್ಲದ ಸ್ಟೂಲನ್ನು ಬಚ್ಚಲ ಬಾಗಿಲ ಹಿಂದಿನಿಂದ ಕೇಳದೆಯೇ ತಂದುಕೊಂಡರು. ಕಸುಬುದಾರರೆಂದರೆ ಹೀಗಿರಬೇಕು ಎಂದು ಇನ್ಸ್‌ಪೆಕ್ಟರರು ತಲೆದೂಗಿದರು. ಎಲ್ಲ ಮುಗಿದ ಮೇಲೆ ಆ ಹೆಂಗಸು ಒರೆಸುವ ಬಟ್ಟೆ ಹಿಂಡಿ, ತ್ರಿಕೋನವಾಗಿ ಮಡಿಸಿ, ನಲ್ಲಿಯ ಮೇಲೆ ಕೂರಿಸಿದಳು.

ತೂಗುತ್ತಿದ್ದ ಇನ್ಸ್‌ಪೆಕ್ಟರರ ತಲೆ ನಿಂತುಹೋಯಿತು. "ಈ ಮನೆಗೆ ಮೊದಲೂ ಬಂದಿದ್ರಾ?"

"ತಿಂಗಳಾ ತಿಂಗಳಾ ಬರ್ತೀವಲ್ಲ ಸಾರ್. ಅಕ್ಕ ಹೇಳಿಲ್ವಾ?"

ಸಂಜೆಯವರೆಗೂ ಅವರು ಸೋಫಾದಲ್ಲಿ ಮೀಸೆ ತಿರುವುತ್ತಾ ಹೊಂಚು ಹಾಕಿ ಕೂತರು. ಇವತ್ತು ಸಿಕ್ಕಿಬಿದ್ದಳು. ಹೆಂಡತಿ ಬಂದಳು, ಜೊತೆಗೆ ಅತ್ತೆಯವರೂ ಬಂದರು. ಹೆಂಡತಿ ಟೀವಿಯ ಮೇಲೆ ತನ್ನ ಬೆರಳು ಎಳೆದಳು. ಅಡುಗೆಮನೆಗೆ ಇಣುಕಿ ನಲ್ಲಿಯ ಕಡೆ ಒಂದು ಗಳಿಗೆ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ನೋಡಮ್ಮ, ನಿನ್ನ ಅಳಿಯ ಒಬ್ಬರೇ ಮಾಡಿದ್ದು. ಬಟ್ಟೆ ಮಡಿಸೋದೂ ಥೇಟ್ ನನ್ನ ಹಾಗೇ."

ಇನ್ಸ್‌ಪೆಕ್ಟರರು ಬಾಯಿ ತೆರೆದರು. ಅವಳ ಗುಟ್ಟು ಒಡೆಯಬೇಕಾದರೆ ಮೊದಲು ತಮ್ಮದು ಒಡೆಯಬೇಕು. ಅತ್ತೆಯವರ ಕಣ್ಣಲ್ಲೋ ಆಗಲೇ ಆನಂದಬಾಷ್ಪ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಾಯಿ ಮುಚ್ಚಿದರು.

"ನಮ್ಮನೆ ಅಟ್ಟಕ್ಕೂ ಒಂದು ಗತಿ ಕಾಣಿಸಿ ಅಳಿಯಂದಿರೇ," ಎಂದರು ಅತ್ತೆ. "ನಾಳೆ ಭಾನುವಾರ ತಾನೆ? ನಾನು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕಣ್ತುಂಬ ನೋಡ್ತೀನಿ."

"ಬರ್ತಾರೆ ಬಿಡಮ್ಮ," ಎಂದಳು ಹೆಂಡತಿ. ಗಂಡನತ್ತ ತಿರುಗಿ ಮೆಲ್ಲಗೆ, "ಹಳೇ ದಿಂಬಿನ ಕವರ್ ಮರೀಬೇಡಿ. ಫ್ಯಾನೂ ಇದೆ ಅಲ್ಲಿ," ಎಂದಳು.