ಎಂಜಿನ್ ಇದ್ದವನು ದಾರಿ ಬಿಡಬೇಕು

ಮೂರು ದಿನದಿಂದ ಒಂದೇ ಚಿಂತೆ ನನ್ನ ತಲೆ ಕೊರೆಯುತ್ತಿದೆ: ಎಂಜಿನ್ ಇಲ್ಲದ ವಿಮಾನಕ್ಕೆ ಹಾರ್ನ್ ಎಲ್ಲಿಂದ ಬರಬೇಕು? ನನ್ನ ಗಂಡ ರತ್ನದೀಪ ನಾಳೆ ಅಂಥದೊಂದು ಗ್ಲೈಡರಿನಲ್ಲಿ, ಕಲಿಸುವವರು ಜೊತೆಗಿಲ್ಲದೆ, ಮೊದಲ ಸಲ ಒಬ್ಬರೇ ಹಾರುತ್ತಾರೆ. ಅದೇ ಮೈದಾನದಿಂದ ತರಬೇತಿ ಶಾಲೆಯ ಎಂಜಿನ್ ವಿಮಾನಗಳೂ ಏಳುತ್ತವೆ. ಸೇಡಂನ ನಮ್ಮ ಅಡುಗೆಮನೆಯಲ್ಲಿ ಅತ್ತೆ ಸುಂದರಮ್ಮ ರೊಟ್ಟಿ ಬಡಿಯುತ್ತಿದ್ದರು. ನಾನು ಮಗುವಿಗೆ ಅನ್ನ ತಿನ್ನಿಸುತ್ತ ಜಗಳ ಮುಂದುವರಿಸಿದ್ದೆ.

ನಾನು: ಹಾರ್ನ್ ಇಲ್ಲ, ಬ್ರೇಕ್ ಹ್ಯಾಂಗ ಅದನೋ ಗೊತ್ತಿಲ್ಲ, ಸಪ್ಪಳ ಅಂತೂ ಮೊದಲೇ ಇಲ್ಲ. ಎದುರಿನಾಂವಗ ನೀವು ಬರೋದು ಹ್ಯಾಂಗ ಗೊತ್ತಾಗಬೇಕು?

ರತ್ನದೀಪ: ಕಾಯದೆ ಅದ ಪೂನಮ್. ಎಂಜಿನ್ ಇದ್ದಾಂವ ಎಂಜಿನ್ ಇಲ್ಲದಾಂವಗ ದಾರಿ ಬಿಡಬೇಕು.

ನಾನು: ವಾಡಿ ರೋಡಿನಾಗ ಟಿಪ್ಪರಿಗೂ ಕಾಯದೆ ಅದ. ದವಾಖಾನ್ಯಾಗ ಹೋಗಿ ನೋಡ್ರಿ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದವರೆಲ್ಲ ಕಾಯದೆ ಪ್ರಕಾರ ಹೋದವರೇ.

ಅತ್ತೆ: ಸರಳು ಹೇರಿದ ಲಾರಿಗೆ ಹಿಂದ ಕೆಂಪು ಬಟ್ಟಿ ಕಟ್ಟತಾರಲ್ಲೋ ರತ್ನಾ. ನೀನೂ ಒಂದು ಕಟಗೋ.

ರತ್ನದೀಪ: ಯವ್ವಾ, ಅದು ವಿಮಾನ, ಲಾರಿ ಅಲ್ಲ. ಗಾಳಿಗೆ ಹರಿದು ಹೋಗತದ.

ಅತ್ತೆ: ಗಟ್ಟಿ ಬಟ್ಟಿ ಕೊಡತೀನಿ.

ರತ್ನದೀಪ: ನನಗ ಕಣ್ಣು ಅದಾವಲ್ಲ. ಮ್ಯಾಲ, ಕೆಳಗ, ಬಾಜೂಕ ನೋಡಕೋತ ಇರೋದೇ ಅಲ್ಲಿ ಕೆಲಸ.

ನಾನು: ಮುಂಜಾನಿ ಫ್ರಿಜ್ಜಿನಾಗ ಮೊಸರು ಇಲ್ಲ ಅಂದ್ರಿ. ಪಾತೇಲಿ ನಿಮ್ಮ ಮೂಗಿನ ಮುಂದ ಇತ್ತು.

ರತ್ನದೀಪ: ಅದು ಹಾಲಿನ ಹಿಂದ ಇತ್ತು.

ನಾನು: ನಾಳೆ ಆ ವಿಮಾನ ಮೋಡದ ಹಿಂದ ಇರತದ.

ರತ್ನದೀಪ ತಾಟಿನೊಳಗಿನ ರೊಟ್ಟಿ ಮುರಿದರು, ತಿನ್ನಲಿಲ್ಲ.

ರತ್ನದೀಪ: ರೇಡಿಯೋ ಅದ. 'ಶಹಾಬಾದ ಕಲ್ಲಿನ ಖಣಿ ಮ್ಯಾಲ, ಮ್ಯಾಲಕ್ಕ ಏಳೋ ಬಿಸಿಗಾಳಿ ಹಿಡಿದು ಸುತ್ತು ಹೊಡೀಲಿಕತ್ತೀನಿ, ಇಷ್ಟು ಎತ್ತರದಾಗ ಇದ್ದೀನಿ' ಅಂತ ಹೇಳೋದು. ಕೇಳಿದಾಂವ ದೂರ ಸರೀತಾನ.

ನನಗೆ ಉಸಿರು ಬಂತು. ಆದರೆ ಹಾಗೆ ಬಂದ ಉಸಿರು ನನ್ನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನಾನು: ನಾಳೆ ಎಂಜಿನ್ ವಿಮಾನ ಹಾರಿಸಾಂವ ಯಾರು?

ರತ್ನದೀಪ: ಇನ್ನೊಂದು ರೊಟ್ಟಿ ಹಾಕವ್ವ.

ನಾನು: ಯಾರ್ರಿ?

ರತ್ನದೀಪ: ನಿನ್ನ ತಮ್ಮ.

ನನ್ನ ತಮ್ಮ ದೇವಿಂದ್ರ ಆ ತರಬೇತಿ ಶಾಲೆಯಲ್ಲೇ ಕಲಿಯುತ್ತಿದ್ದಾನೆ. ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಅವನು ಮರ್ಯಾದೆಗೆ ಹೊದಿಸುವ ಟವಲನ್ನು ಮನೆ ಅಳಿಯನಾದ ಇವರಿಗಿಂತ ಮೊದಲು, ತವರಿನವರನ್ನು ಕರೆತಂದ ಜೀಪಿನ ಡ್ರೈವರಿಗೆ ಹೊದಿಸಿಬಿಟ್ಟ. ಅಂದಿನಿಂದ ಇವರಿಬ್ಬರಿಗೆ ಮಾತಿಲ್ಲ.

ನಾನು: ಹಂಗಾದ್ರ ರೇಡಿಯೋದಾಗ ಅವನ ಜೋಡಿ ಮಾತಾಡತೀರಿ?

ರತ್ನದೀಪ: ನಾನ್ಯಾಕ ಮೊದಲ ಮಾತಾಡ್ಲಿ? ಅಂವ ಮಾತಾಡಿದ್ರ ಮಾತಾಡ್ತೀನಿ.

ನಾನು: ಅಂವನೂ ಹಿಂಗೇ ಅಂದ್ರ?

ರತ್ನದೀಪ: ದಾರಿ ಬಿಡೋದು ಅವನ ಕೆಲಸ. ಎಂಜಿನ್ ಅವನ ಕಡಿ ಅದ, ಆ ಮನಿ ಅಳಿಯ ನಾನು. ಎರಡೂ ಲೆಕ್ಕದಾಗ ಅವನೇ ಸರೀಬೇಕು.

ನಾನು: ಒಂದು ಟವಲ್ ಸಲುವಾಗಿ ನನ್ನ ಕೂಸಿನ ಅಪ್ಪ, ಸೋದರಮಾವ, ಇಬ್ಬರೂ ಒಂದೇ ದಿನ...

ಅತ್ತೆ ಹಂಚಿನ ಮೇಲಿನ ರೊಟ್ಟಿ ತಿರುವಿದರು.

ಅತ್ತೆ: ನಾನು, ನನ್ನ ನೆಗೆಣ್ಣಿ, ಅಂದ್ರ ಮೈದುನನ ಹೇಣ್ತಿ, ಒಂದೇ ಮನ್ಯಾಗ ಇದ್ದು ಮಾತು ಬಿಟ್ಟಿದ್ದೆವು. ಕೆಲಸ ನಿಂತಿಲ್ಲ. ನಾ ಎಮ್ಮಿಗೆ ಹೇಳತಿದ್ದೆ, 'ಎಮ್ಮೀ, ಹಾಲು ಉಕ್ಕಲಿಕತ್ತಾವ' ಅಂತ. ಅದು ಕೇಳಿ ನೆಗೆಣ್ಣಿ ಓಡಿ ಬಂದು ಇಳಸತಿದ್ದಳು. ನಾ ಆಕಿ ಜೋಡಿ ಮಾತಾಡಿಲ್ಲ, ಹಾಲೂ ಉಕ್ಕಿಲ್ಲ.

ರತ್ನದೀಪ: ಅಷ್ಟು ಮ್ಯಾಲ ಎಮ್ಮಿ ಎಲ್ಲಿಂದ ತರಲವ್ವ?

ನಾನು: ರೇಡಿಯೋದಾಗ ಹೆಸರು ಹಿಡಿದೇ ಕರೀಬೇಕಂತ ಅದ ಏನು?

ರತ್ನದೀಪ: ಇಲ್ಲ. ಸುತ್ತ ಹಾರಲಿಕತ್ತಿದ ಎಲ್ಲಾರಿಗೂ ಅಂತ ಹೇಳೋದು.

ಹೇಳುತ್ತಿದ್ದಂತೆ ಅವರ ಬಿಗಿದ ಮುಖ ಸಡಿಲಾಯಿತು.

ರತ್ನದೀಪ: ಹಂಗಾದ್ರ ಹೇಳತೀನಿ. ಅವಗಲ್ಲ, ಎಲ್ಲಾರಿಗೂ.

ನಾನು: ನಿಮ್ಮ ದನಿ ಕೇಳಿ ಅಂವ ರೇಡಿಯೋ ಬಂದ್ ಮಾಡಿದ್ರ?

ರತ್ನದೀಪ: ಅದಕ್ಕ ಈಗೇ ಫೋನ್ ಹಚ್ಚಿ ಹೇಳು. ನಿನ್ನ ತಮ್ಮ ಅಲ್ಲೇನು?

ನಾನು: ನಾನ್ಯಾಕ ಮೊದಲ ಮಾಡ್ಲಿ? ಅಂವ ಸಣ್ಣಾಂವ. ತೊಟ್ಟಿಲ ದಿನದಿಂದ ಅಕ್ಕಗ ಒಂದು ಫೋನ್ ಇಲ್ಲ.

ತಾಯಿ ಮಗ ಇಬ್ಬರೂ ನನ್ನನ್ನೇ ನೋಡಿದರು. ರೊಟ್ಟಿ ಸೀದ ವಾಸನೆ ಬಂತು.

ಅತ್ತೆ: ಏ ಹಂಚೇ, ನಮ್ಮ ಸೊಸೀಗೆ ಜರಾ ಹೇಳು. ಹಾಲು ಉಕ್ಕಲಿಕತ್ತಾವ ಅಂತ.

ಫೋನ್ ಎತ್ತಿಕೊಂಡು, ಎಲ್ಲರಿಗೂ ಕೇಳುವಂತೆ ನಡುವೆ ಇಟ್ಟು, ತಮ್ಮನಿಗೆ ಕರೆ ಮಾಡಿದೆ. ಆ ಕಡೆ 'ಹಲೋ' ಎಂದ ಕೂಡಲೇ ಮಗುವನ್ನು ಫೋನಿನ ಹತ್ತಿರ ಎಳೆದುಕೊಂಡೆ.

ನಾನು: ಪಾಪು, ನಿಮ್ಮ ಮಾಮಾಗ ಹೇಳು. ನಾಳೆ ನಿಮ್ಮಪ್ಪ ಒಬ್ಬರೇ ಹಾರತಾರ. ರೇಡಿಯೋ ಚಾಲೂ ಇಡು, ಖಣಿ ಮ್ಯಾಲ ಬರಬ್ಯಾಡ ಅಂತ.

ಮಗು ಬಾಯಿತುಂಬ ಅನ್ನ ಇಟ್ಟುಕೊಂಡು ಏನೋ ಅಂದಿತು.

ದೇವಿಂದ್ರ: ಪಾಪು, ನಿಮ್ಮವ್ವಗ ಹೇಳು. ರೇಡಿಯೋ ಚಾಲೂ ಇರತದ. ಖಣಿ ಬಿಟ್ಟು ದೂರಲಿಂದ ಹೋಗತೀನಿ. ನಿಮ್ಮಪ್ಪ ಇಳಿದ ಮ್ಯಾಲ ಅಲ್ಲೇ ಮೈದಾನದಾಗ ಟವಲ್ ಹೊದಸ್ತೀನಿ.

ರತ್ನದೀಪ ಮಗುವಿನ ಕಿವಿಯ ಕಡೆಗೆ ಬಾಗಿದರು.

ರತ್ನದೀಪ: ಪಾಪು, ಡ್ರೈವರಿಗಿಂತ ಮೊದಲ ಹೊದಸ್ತಾನೇನು, ಕೇಳು.

ಅತ್ತೆ: ಏ ದೇವಿಂದ್ರ, ಇಳಿದ ಮ್ಯಾಲ ಬ್ಯಾಡ, ಹಾರೋಕಿಂತ ಮೊದಲೇ ಹೊದಸು. ಕೆಂಪಂದು ತಾ. ಹಿಂದ ಕಟ್ಟಲಿಕ್ಕ ಆಗತದ.